ನೀರು ತುಂಬಿದ ಗವಿಯೊಳಗೆ

ಕೋಟೆಯುಳ್ಳ ಬೆಟ್ಟವೆಂದ ಮೇಲೆ ಅದರೊಳಗೊಂದು ಸುರಂಗವೂ ಇರಲೇಬೇಕೆಂಬುದು ನಮ್ಮ ಬಯಲುಸೀಮೆಯ ಜನರ ಹಳೆಯ ನಂಬಿಕೆ. ಪಾವಗಡ, ಮಧುಗಿರಿ, ನಿಡಗಲ್ಲು ಮೊದಲಾದ ದುರ್ಗಗಳ ತಪ್ಪಲಿನಲ್ಲಿ ಹುಟ್ಟಿ ಬೆಳೆದವರಲ್ಲಿ ಇಂಥದೊಂದು ಕಥೆಯನ್ನು ಕೇಳದವರು ವಿರಳ. ಶಿವಗಂಗೆಯ ಬೆಟ್ಟದಿಂದ ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯವರೆಗೆ ನೆಲದಡಿಯ ದಾರಿಯೊಂದಿದೆಯೆಂದು ಹೇಳುವವರು ಇಂದಿಗೂ ಉಂಟು. ಕಥೆಯಲ್ಲಿ ಆ ದಾರಿ ಸಾಮಾನ್ಯವಾಗಿ ನೀರಿನಿಂದ ತುಂಬಿರುತ್ತದೆ. ಒಳಹೊಕ್ಕವನು ಮರಳಿ ಬಂದಿರುವುದಿಲ್ಲ. ಇಂಥ ದಾರಿ ಪಾವಗಡದ ನೆಲದಡಿಯಲ್ಲಿ ಇರಬಲ್ಲುದೆ? ಎಲ್ಲಿಯಾದರೂ ಇದ್ದರೆ ಅದರೊಳಗೆ ಮನುಷ್ಯನು ಹೋಗಿ ಬರಬಲ್ಲನೆ? ಎರಡೂ ಪ್ರಶ್ನೆಗಳಿಗೆ ವಿಜ್ಞಾನವು ಉತ್ತರ ಹೇಳಬಲ್ಲುದು. ಮೊದಲನೆಯದರ ಉತ್ತರ ಕಥೆಗಾರರಿಗೆ ಸ್ವಲ್ಪ ನಿರಾಶೆಯನ್ನುಂಟುಮಾಡೀತು.

ಪಾವಗಡದ ಬೆಟ್ಟ ಕಣಶಿಲೆಯ ಬೆಟ್ಟ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದು, ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿರುವ ಕಣಶಿಲೆಯ ಪಟ್ಟಿಯೊಂದು ಮಧುಗಿರಿ, ಪಾವಗಡಗಳ ಮೇಲೆ ಹಾದುಹೋಗುತ್ತದೆ. ಭೂಮಿಯ ಆಳದಲ್ಲಿ ಕರಗಿದ್ದ ದ್ರವ್ಯವು ಸುಮಾರು 250 ಕೋಟಿ ವರ್ಷಗಳ ಹಿಂದೆ ಮೆಲ್ಲಮೆಲ್ಲನೆ ಆರಿ ಗಟ್ಟಿಯಾದುದೇ ಈ ಶಿಲೆ. ಇದರ ಹರಳುಗಳು ಒಂದರೊಡನೊಂದು ಬಿಗಿಯಾಗಿ ಹೆಣೆದುಕೊಂಡಿವೆ. ನೀರು ಇದನ್ನು ಕರಗಿಸಲಾರದು. ಬಿಸಿಲು, ಮಳೆ, ಗಾಳಿಗಳು ಯುಗಯುಗಾಂತರದಲ್ಲಿ ಇದರ ಮೈಯನ್ನು ಪದರಪದರವಾಗಿ ಸುಲಿದು ಮರಳುಮಣ್ಣಾಗಿಸಬಲ್ಲವು, ಅಷ್ಟೆ. ಹಾಗಾದರೆ ಇಲ್ಲಿ ಗವಿಗಳೇ ಇಲ್ಲವೆ? ಇವೆ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದಲ್ಲಿ ಸಿದ್ಧೇಶ್ವರನ ಸನ್ನಿಧಿಯಿರುವುದು ಗವಿಯಲ್ಲಿಯೇ; ಅಲ್ಲಿ ನೀರೂ ಜಿನುಗುತ್ತದೆ. ಆದರೆ ಇಂಥ ಗವಿ ನೀರು ಕೊರೆದ ಸುರಂಗವಲ್ಲ. ದೊಡ್ಡ ದೊಡ್ಡ ಗುಂಡುಗಳು ಒಂದರ ಮೇಲೊಂದು ಒರಗಿದಾಗ ನಡುವೆ ಉಳಿದ ಸಂದು ಅದು. ಹತ್ತಾರು ಮಾರು ಒಳಹೊಕ್ಕರೆ ಮುಂದೆ ಬಂಡೆಯೇ ಎದುರಾಗುತ್ತದೆ. ಬಾವಿ ತೋಡುವವರಿಗೆ ಇದು ಚೆನ್ನಾಗಿ ತಿಳಿದ ವಿಷಯ. ಮೇಲಿನ ಮಣ್ಣು ಮುಗಿದು ಗಟ್ಟಿ ಕಲ್ಲು ತಗುಲಿದ ಮೇಲೆ ನೀರು ದೊರೆಯುವುದು ಬಿರುಕುಗಳಲ್ಲಿ ಮಾತ್ರ. ಬಾವಿಯ ಗೋಡೆಯಲ್ಲಿ 'ನೀರಿನ ಸೆಲೆ' ಎಂದು ಅವರು ತೋರಿಸುವುದು ಬೆರಳು ತೂರದ ಸೀಳನ್ನು. ಆ ಸೀಳಿನಲ್ಲಿ ನೀರು ನುಸುಳೀತು, ಮೀನಿನ ಮರಿಯೂ ನುಸುಳಲಾರದು.

ಆದರೆ ಕಥೆಯನ್ನು ಪೂರ್ತಿ ತಳ್ಳಿಹಾಕುವ ಮುನ್ನ ಒಂದು ನದಿಯ ಜೊತೆಯಲ್ಲಿ ಸ್ವಲ್ಪ ದೂರ ನಡೆಯೋಣ. ನಂದಿಯ ಬಳಿಯ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಹಾದು ಆಂಧ್ರಪ್ರದೇಶವನ್ನು ಸೇರುತ್ತದೆ. ವರ್ಷದ ಬಹುಭಾಗ ಅದು ಮರಳಿನ ಹಾಸು. ಅದೇ ನದಿ ಮುಂದೆ ತಾಡಪತ್ರಿಯನ್ನು ಮುಟ್ಟುವ ವೇಳೆಗೆ ಸುತ್ತಣ ನೆಲದ ಸ್ವರೂಪವೇ ಬದಲಾಗಿರುತ್ತದೆ. ಅಲ್ಲಿ ಕಣಶಿಲೆಯ ಗುಂಡುಗಳಿಲ್ಲ. ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಹಾಸಿದ ಸುಣ್ಣಕಲ್ಲು ಉಂಟು. ತಾಡಪತ್ರಿಗೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಬೆಲುಂ ಎಂಬ ಊರಿದೆ. ಅಲ್ಲಿನ ಹೊಲದ ನಡುವೆ ಬಾಯ್ದೆರೆದಿರುವ ಕುಳಿಯೊಂದರೊಳಗೆ ಇಳಿದರೆ 3,229 ಮೀಟರ್ ಉದ್ದದ ಗವಿಜಾಲ. ಕಥೆಯ ಸುರಂಗ ಇಲ್ಲಿ ನಿಜವಾಗಿದೆ.

ಈ ಗವಿಯನ್ನು 1884ರಲ್ಲಿ ದಾಖಲೆ ಮಾಡಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಭಾರತದ ಶಿಲಾಯುಗದ ಆಯುಧಗಳನ್ನು ಮೊತ್ತಮೊದಲು ಗುರುತಿಸಿದ ಕೀರ್ತಿ ಇವರದೇ. ಮುಂದೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಆರಂಭದ ದಿನಗಳಲ್ಲಿಯೂ ಇವರ ಹೆಸರು ಬರುತ್ತದೆ. ಫೂಟ್ ಬಂದು ಹೋದ ಬಳಿಕ ಸುಮಾರು ನೂರು ವರ್ಷ ಗವಿಯನ್ನು ಯಾರೂ ವಿವರವಾಗಿ ಅಳೆಯಲಿಲ್ಲ. 1982 ಮತ್ತು 1983ರಲ್ಲಿ ಜರ್ಮನಿಯ ಡೇನಿಯಲ್ ಗೆಬಾವರ್ ಮತ್ತು ಸಂಗಡಿಗರು ಒಳಹೊಕ್ಕು ನಕ್ಷೆ ತಯಾರಿಸಿದರು. ಗವಿಯ ಅತ್ಯಂತ ಆಳದ ಎಡೆ ಬಾಗಿಲಿನಿಂದ ಸುಮಾರು 46 ಮೀಟರ್ ಕೆಳಗಿದೆ. ಅಲ್ಲೊಂದು ಸಣ್ಣ ತೊರೆ ಬಂಡೆಯಿಂದ ಹೊರಬಂದು, ಕೆಲವು ಹೆಜ್ಜೆ ಹರಿದು, ಮತ್ತೆ ಬಂಡೆಯೊಳಗೆ ಮರೆಯಾಗುತ್ತದೆ. ಜನರು ಅದಕ್ಕೆ ಪಾತಾಳಗಂಗೆಯೆಂದು ಹೆಸರಿಟ್ಟಿದ್ದಾರೆ. ಎರಡು ಕಿಲೋಮೀಟರ್ ದೂರದ ಬೆಲುಂ ಗ್ರಾಮದ ಬಾವಿಗೆ ಈ ನೀರು ಹೋಗಿ ಸೇರುತ್ತದೆಂಬುದು ಊರವರ ನಂಬಿಕೆ. ಸುಣ್ಣಕಲ್ಲಿನ ನೆಲದಲ್ಲಿ ಇಂಥ ಮಾತನ್ನು ಅಸಂಭವವೆಂದು ತಳ್ಳಿಬಿಡುವಂತಿಲ್ಲ.

ಕಾರಣ ಸರಳವಾದುದು. ಮಳೆಯ ನೀರು ಗಾಳಿಯಿಂದಲೂ, ಅದಕ್ಕಿಂತ ಹೆಚ್ಚಾಗಿ ಮಣ್ಣಿನಲ್ಲಿ ಕೊಳೆಯುವ ಬೇರು ಎಲೆಗಳಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬಲುತೆಳುವಾದ ಆಮ್ಲವಾಗುತ್ತದೆ. ಸೋಡಾ ಬಾಟಲಿಯ ನೀರಿಗೆ ಚುರುಕು ಕೊಡುವ ಆಮ್ಲವೇ ಇದು. ಕಣಶಿಲೆಯ ಮುಂದೆ ಇದರ ಆಟ ನಡೆಯದು. ಸುಣ್ಣಕಲ್ಲಾದರೋ ಇದರಲ್ಲಿ ಕರಗುತ್ತದೆ. ಕೂದಲೆಳೆಯಷ್ಟು ಬಿರುಕು ಸಾವಿರಾರು ವರ್ಷಗಳಲ್ಲಿ ಕೈ ತೂರುವಷ್ಟಾಗುತ್ತದೆ, ಮುಂದೆ ಆಳು ನಡೆಯುವಷ್ಟಾಗುತ್ತದೆ. ನೆಲದಡಿಯ ನೀರಿನ ಮಟ್ಟ ಇಳಿದರೆ ಆ ಓಣಿ ಬರಿದಾಗಿ ಬೆಲುಂನಂಥ ಗವಿಯಾಗುತ್ತದೆ. ಮಟ್ಟ ಇಳಿಯದಿದ್ದರೆ, ಇಲ್ಲವೆ ಮಳೆಗಾಲದಲ್ಲಿ ಮತ್ತೆ ಏರಿದರೆ, ಅದು ನೀರು ತುಂಬಿದ ಗವಿ.

ಹೀಗೆ ತುಂಬಿದ ಗವಿಯು ಎಲ್ಲ ಕಡೆಯೂ ಒಂದೇ ಸಮನಾಗಿ ಮುಳುಗಿರುವುದಿಲ್ಲ. ಓಣಿ ಏರುತ್ತದೆ, ಇಳಿಯುತ್ತದೆ. ಏರಿದ ಕಡೆ ಚಾವಣಿಯ ಕೆಳಗೆ ಗಾಳಿ ಇರುತ್ತದೆ. ಇಳಿದ ಕಡೆ ಚಾವಣಿಯೇ ನೀರಿನೊಳಕ್ಕೆ ಮುಳುಗಿರುತ್ತದೆ. ಪಟ್ಟಣದ ಮನೆಗಳ ಬಚ್ಚಲಿನ ಕೊಳವೆ ಕೆಳಗೆ ಬಾಗಿ ಮತ್ತೆ ಮೇಲೇಳುವುದನ್ನು ಓದುಗರು ನೋಡಿರಬಹುದು. ಆ ಬಾಗಿನಲ್ಲಿ ಸದಾ ನಿಲ್ಲುವ ನೀರು ಚರಂಡಿಯ ನಾತ ಒಳಗೆ ಬಾರದಂತೆ ತಡೆಯುತ್ತದೆ. ಗವಿಯ ಬಾಗೂ ಅಂಥದೇ. ಇದನ್ನು ನಾವು 'ಜಲಬಂಧ'ವೆಂದು ಕರೆಯೋಣ. ಗವಿಯನ್ನು ಅರಸುವವರ ದಾರಿ ಬಹುಮಟ್ಟಿಗೆ ಕೊನೆಗೊಳ್ಳುವುದು ಇಂಥ ಜಲಬಂಧದ ಮುಂದೆಯೇ. ಅದರಾಚೆ ಏನಿದೆ? ಎರಡು ಮಾರು ಮುಳುಗಿದರೆ ಮತ್ತೆ ಗಾಳಿ ಸಿಗಬಹುದು. ಎರಡು ಕಿಲೋಮೀಟರ್ ಹೋದರೂ ಸಿಗದಿರಬಹುದು. ಈಚೆ ದಡದಲ್ಲಿ ನಿಂತವನಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ.

1922ರಲ್ಲಿ ಫ್ರಾನ್ಸ್ ದೇಶದ ಮಾಂಟೆಸ್ಪಾನ್ ಎಂಬಲ್ಲಿ ನಾರ್ಬರ್ಟ್ ಕಾಸ್ಟೆರೆ ಎಂಬ ತರುಣ ಇಂಥದೊಂದು ಜಲಬಂಧದ ಮುಂದೆ ಒಬ್ಬನೇ ನಿಂತಿದ್ದ. ಅವನ ಬಳಿ ಇದ್ದುದು ಮೇಣದ ಬತ್ತಿ ಮಾತ್ರ. ಅದನ್ನು ಬಂಡೆಯ ಮೇಲಿಟ್ಟು, ಉಸಿರನ್ನು ಬಿಗಿಹಿಡಿದು, ಒಂದು ಕೈಯಿಂದ ಚಾವಣಿಯನ್ನು ತಡವುತ್ತ ಕತ್ತಲೆಯ ನೀರಿನಲ್ಲಿ ಮುಳುಗಿದ. ಚಾವಣಿ ಮೇಲಕ್ಕೆ ಸರಿಯಿತು. ತಲೆ ಗಾಳಿಗೆ ಬಂದಿತು. ಸುತ್ತಲೂ ಕಗ್ಗತ್ತಲೆ. ದಿಕ್ಕು ತಪ್ಪುವ ಮೊದಲೇ ಅದೇ ದಾರಿಯಲ್ಲಿ ಹಿಂದಿರುಗಿದ. ಮತ್ತೆ ಬಂದಾಗ ಬತ್ತಿಗಳನ್ನೂ ಬೆಂಕಿಕಡ್ಡಿಗಳನ್ನೂ ರಬ್ಬರಿನ ಟೋಪಿಯೊಳಗೆ ಭದ್ರಪಡಿಸಿ ತಂದು, ಆಚೆ ದಡದಲ್ಲಿ ಬೆಳಕು ಹೊತ್ತಿಸಿಕೊಂಡು ಇನ್ನೂ ಮುಂದೆ ಹೋದ. ಮರುವರ್ಷ ಗೆಳೆಯ ಹೆನ್ರಿ ಗೊಡಿನ್‌ನೊಡನೆ ಅಲ್ಲಿ ಅವನು ಕಂಡದ್ದು ಜೇಡಿಮಣ್ಣಿನಲ್ಲಿ ಮಾಡಿದ, ತಲೆಯಿಲ್ಲದ ಕರಡಿಯ ವಿಗ್ರಹ. ಹಿಮಯುಗದ ಬೇಟೆಗಾರರು ನೀರು ಇಷ್ಟು ಏರದಿದ್ದ ಕಾಲದಲ್ಲಿ ಮಾಡಿಟ್ಟದ್ದು. ಜಲಬಂಧವು ಬಾಗಿಲು ಹಾಕಿ ಸಾವಿರಾರು ವರ್ಷ ಅದನ್ನು ಕಾಯ್ದಿತ್ತು.

ಕಾಸ್ಟೆರೆಯ ಸಾಹಸವನ್ನು ಓದಿ ಮೈ ನವಿರೇಳದವರಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಮೈ ನಡುಗುತ್ತದೆ. ಸಾಮಾನ್ಯ ಈಜುಗಾರನು ಒಂದು ನಿಮಿಷ ಉಸಿರು ಹಿಡಿದಾನು. ನೀರಿನಡಿಯಲ್ಲಿ ಸೆಕೆಂಡಿಗೆ ಅರ್ಧ ಮೀಟರಿನಂತೆ ಹೋದರೂ ಆ ಅವಧಿಯಲ್ಲಿ 30 ಮೀಟರ್. ಆಚೆ ಗಾಳಿ ಸಿಗದಿದ್ದರೆ ಹಿಂದಿರುಗಬೇಕು. ಆದುದರಿಂದ ಹೋಗಬಹುದಾದ ದೂರ 15 ಮೀಟರ್ ಮಾತ್ರ. ಅಷ್ಟರೊಳಗೆ ಗಾಳಿ ಇದ್ದುದು ಕಾಸ್ಟೆರೆಯ ಪುಣ್ಯ. ನಮ್ಮೂರ ಬಾವಿಯಲ್ಲಿ ಮುಳುಗಿ ಬಿಂದಿಗೆ ತೆಗೆಯುವ ಈಜುಗಾರನಿಗೆ ಈ ಚಿಂತೆಯಿಲ್ಲ. ಪಾತಾಳಗರಡಿಗೆ ಸಿಕ್ಕದ ಕೊಡವನ್ನು ಅವನು ತಳ ತಡವಿ ತರುತ್ತಾನೆ. ಉಸಿರು ಕಟ್ಟಿದರೆ ಕಾಲಿನಿಂದ ತಳವನ್ನೊಮ್ಮೆ ಒದೆಯುತ್ತಾನೆ, ಮೇಲಕ್ಕೆ ಬರುತ್ತಾನೆ. ಗವಿಯಲ್ಲಿ 'ಮೇಲೆ' ಎಂಬುದೇ ಇಲ್ಲ. ಮೇಲೆ ಇರುವುದು ಕಲ್ಲು. ಗಾಳಿಗೆ ಹೋಗುವ ದಾರಿ ಬಂದ ದಾರಿ ಒಂದೇ. ಸಮುದ್ರದಲ್ಲಿ ನುರಿತ ಮುಳುಗುಗಾರರು ಕೂಡ ಗವಿಯಲ್ಲಿ ಪ್ರಾಣ ಕಳೆದುಕೊಂಡಿರುವುದು ಈ ಒಂದು ವ್ಯತ್ಯಾಸವನ್ನು ಮರೆತು.

ಉಸಿರನ್ನು ಜೊತೆಯಲ್ಲಿ ಒಯ್ಯುವ ಉಪಾಯಗಳು ಒಂದೊಂದಾಗಿ ಬಂದವು. 1935ರಲ್ಲಿ ಇಂಗ್ಲೆಂಡಿನ ವೂಕಿ ಹೋಲ್ ಗವಿಯಲ್ಲಿ ಗ್ರಹಾಂ ಬಾಲ್ಕೂಂಬ್, ಜ್ಯಾಕ್ ಶೆಪರ್ಡ್ ಮತ್ತು ಪೆನೆಲೋಪ್ ಪೊವೆಲ್ ಎಂಬ ಮಹಿಳೆ ತಾಮ್ರದ ಶಿರಸ್ತ್ರಾಣವನ್ನೂ ಸೀಸದ ಪಾದರಕ್ಷೆಗಳನ್ನೂ ತೊಟ್ಟು, ಮೇಲಿನಿಂದ ಕೊಳವೆಯಲ್ಲಿ ಪಂಪು ಒತ್ತಿದ ಗಾಳಿಯನ್ನು ಸೇವಿಸುತ್ತ ತಳದ ಮೇಲೆ ನಡೆದುಹೋದರು. ಗವಿಯ ಏಳನೆಯ ಕೋಣೆಯವರೆಗೆ ಆ ತಂಡ ತಲಪಿತು. ಕೊಳವೆಯ ಉದ್ದವೇ ಅವರ ಲೋಕದ ಎಲ್ಲೆ. 1943ರಲ್ಲಿ ಕೂಸ್ಟೊ ಮತ್ತು ಗಾನ್ಯಾಂ ಎಂಬ ಫ್ರೆಂಚರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರಿಗೆ, ಎಳೆದಾಗಷ್ಟೆ ಬೇಕಾದಷ್ಟೆ ಗಾಳಿ ಕೊಡುವ ಕವಾಟವೊಂದನ್ನು ಹೊಂದಿಸಿದರು. ಮೂರು ವರ್ಷಗಳ ಬಳಿಕ, 1946ರಲ್ಲಿ, ಅದೇ ಕೂಸ್ಟೊ ಫ್ರಾನ್ಸಿನ ವೋಕ್ಲೂಸ್ ಚಿಲುಮೆಯ ಬಾವಿಯಂಥ ಗವಿಯಲ್ಲಿ ಮುಳುಗಿ ಅರೆಪ್ರಜ್ಞೆಯಲ್ಲಿ ಮೇಲೆ ಬಂದ. ಆಳದ ದೋಷವೆಂದು ಮೊದಲು ಭಾವಿಸಲಾಯಿತು. ನಿಜದಲ್ಲಿ, ಸಿಲಿಂಡರಿಗೆ ಗಾಳಿ ತುಂಬಿದ ಯಂತ್ರವು ತನ್ನ ಎಂಜಿನ್ನಿನ ಹೊಗೆಯನ್ನೇ ಹೀರಿ ಒಳಗೆ ತುಂಬಿತ್ತು. ಹೊಗೆಯಲ್ಲಿದ್ದ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ. ವೋಕ್ಲೂಸ್‌ನ ತಳವಾದರೋ ಮನುಷ್ಯನಿಗೆ ಸಿಕ್ಕಲಿಲ್ಲ. 1985ರಲ್ಲಿ ಯಂತ್ರವೊಂದನ್ನು ಇಳಿಯಬಿಟ್ಟಾಗ ಅದು 308 ಮೀಟರ್ ಆಳದಲ್ಲಿ ಮರಳನ್ನು ಮುಟ್ಟಿತು.

ಗಾಳಿ ಬೆನ್ನ ಮೇಲಿದ್ದ ಮಾತ್ರಕ್ಕೆ ಕಷ್ಟ ಪರಿಹಾರವಾಗುವುದಿಲ್ಲ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆಲ್ಲ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 12 ಲೀಟರ್ ಹಿಡಿಯುವ ಸಿಲಿಂಡರಿನಲ್ಲಿ 200 ವಾಯುಮಂಡಲದ ಒತ್ತಡದಿಂದ ಗಾಳಿ ತುಂಬಿದರೆ ಒಟ್ಟು 2,400 ಲೀಟರ್ ಆಯಿತು. ಸಮಾಧಾನವಾಗಿರುವ ಮುಳುಗುಗಾರನು ನಿಮಿಷಕ್ಕೆ 20 ಲೀಟರಿನಂತೆ ಸೇವಿಸಿದರೆ ನೀರಿನ ಮೇಲ್ಮೈಯಲ್ಲಿ ಇದು ಎರಡು ಗಂಟೆ ಸಾಕು. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು. ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ಬೇಕು. ಎರಡು ಗಂಟೆ 40 ನಿಮಿಷಕ್ಕೆ ಇಳಿಯಿತು. ಹಾಗಾದರೆ 20 ನಿಮಿಷ ಒಳಗೆ ಹೋಗಿ, 20 ನಿಮಿಷದಲ್ಲಿ ಹಿಂದಿರುಗಬಹುದಲ್ಲ ಎಂದು ಅನ್ನಿಸೀತು. ಗವಿಯಲ್ಲಿ ಮುಳುಗುವವರ ನಿಯಮ ಅದಲ್ಲ. ಗಾಳಿಯ ಮೂರನೆಯ ಒಂದು ಭಾಗ ಒಳಗೆ ಹೋಗಲು, ಒಂದು ಭಾಗ ಹಿಂದಿರುಗಲು, ಉಳಿದ ಒಂದು ಭಾಗ ಜೊತೆಗಾರನಿಗೆ. ಅತ್ಯಂತ ದೂರದ ತಾಣದಲ್ಲಿ ಜೊತೆಗಾರನ ಸಿಲಿಂಡರ್ ಕೆಟ್ಟಿತೆನ್ನಿ. ನನ್ನಲ್ಲಿ ಉಳಿದಿರುವುದು ಮೂರರಲ್ಲಿ ಎರಡು ಭಾಗ. ಇಬ್ಬರೂ ಹೊರಬರಲು ಬೇಕಾದುದೂ ಸರಿಯಾಗಿ ಎರಡು ಭಾಗ. ಆದುದರಿಂದ ಒಳಗೆ ಹೋಗಲು ಸಿಗುವುದು 13 ನಿಮಿಷ ಮಾತ್ರ. ಹೆದರಿ ಏದುಸಿರು ಬಿಟ್ಟರೆ ಅದೂ ಇಲ್ಲ.

ಎರಡನೆಯ ಶತ್ರು ಕೆಸರು. ಅಲುಗದ ಗವಿಯ ನೀರು ಸ್ಫಟಿಕದಂತೆ ತಿಳಿಯಾಗಿರುತ್ತದೆ. ತಳದಲ್ಲಿ ಹಿಟ್ಟಿನಂಥ ಹೂಳು ಕುಳಿತಿರುತ್ತದೆ. ಕಾಲೊಂದು ತಾಗಿದರೆ ಹೂಳು ಎದ್ದು, ಕೈಯಲ್ಲಿರುವ ದೀಪವೇ ಕಣ್ಣಿಗೆ ಕಾಣದಂತಾಗುತ್ತದೆ. ಆದುದರಿಂದ ಬಾಗಿಲಿನ ಹೊರಗಿನಿಂದಲೇ ಒಂದು ದಾರವನ್ನು ಕಟ್ಟಿ, ಅದನ್ನು ಬಿಚ್ಚುತ್ತ ಹೋಗಿ, ಹಿಂದಿರುಗುವಾಗ ಅದನ್ನೇ ಕೈಯಲ್ಲಿ ಹಿಡಿದು ಬರಬೇಕು. ದೀಪ ಒಂದಲ್ಲ, ಮೂರು. ಅಮೆರಿಕದ ಶೆಕ್ ಎಕ್ಸ್‌ಲೀ ಎಂಬ ಅಧ್ಯಾಪಕನು 1979ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ ಅಲ್ಲಿಯವರೆಗಿನ ಮರಣಗಳನ್ನು ಒಂದೊಂದಾಗಿ ಪರಿಶೀಲಿಸಿ ನೋಡಿದ್ದಾನೆ. ಎಡೆಬಿಡದ ದಾರವಿಲ್ಲದಿರುವುದು, ಮೂರನೆಯ ಎರಡು ಭಾಗ ಗಾಳಿಯನ್ನು ಉಳಿಸದಿರುವುದು, ಮಿತಿಮೀರಿ ಆಳಕ್ಕೆ ಇಳಿಯುವುದು ಇವೇ ಅವನಿಗೆ ಕಂಡ ಮುಖ್ಯ ಕಾರಣಗಳು. 30 ಮೀಟರ್ ದಾಟಿದ ಬಳಿಕ ಒತ್ತಡಕ್ಕೊಳಗಾದ ಸಾರಜನಕವು ಹೆಂಡದಂತೆ ಬುದ್ಧಿಗೆ ಮಂಪರು ತರುತ್ತದೆ. ಇಷ್ಟೆಲ್ಲ ಬಲ್ಲ ಎಕ್ಸ್‌ಲೀಯೂ 1994ರಲ್ಲಿ ಮೆಕ್ಸಿಕೋ ದೇಶದ ಸಕಟೋನ್ ಎಂಬ ಆಳವಾದ ಮಡುವಿನಲ್ಲಿಯೇ ಮಡಿದನು.

2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗವಿಯೊಳಗೆ 11ರಿಂದ 16 ವರ್ಷದ 12 ಹುಡುಗರೂ ಅವರ ಕಾಲ್ಚೆಂಡಾಟದ ಶಿಕ್ಷಕನೂ ಸಿಕ್ಕಿಬಿದ್ದ ಸುದ್ದಿ ನಮ್ಮ ಹಳ್ಳಿಹಳ್ಳಿಗೂ ಮುಟ್ಟಿತ್ತು. ಅವರು ಒಳಗೆ ಹೋದಾಗ ದಾರಿ ಒಣಗಿತ್ತು. ಮೇಲೆ ಮಳೆ ಸುರಿಯಿತು. ಸುಣ್ಣಕಲ್ಲಿನ ಬೆಟ್ಟವು ನೀರನ್ನು ಜರಡಿಯಂತೆ ಒಳಗಿಳಿಸಿತು. ತಗ್ಗಿನ ಎಡೆಗಳೆಲ್ಲ ಒಂದೊಂದಾಗಿ ಜಲಬಂಧಗಳಾದವು. ಜುಲೈ 2ರಂದು ಬ್ರಿಟಿಷ್ ಮುಳುಗುಗಾರರಾದ ರಿಕ್ ಸ್ಟ್ಯಾಂಟನ್ ಮತ್ತು ಜಾನ್ ವೊಲಾಂಥನ್ ಬಾಗಿಲಿನಿಂದ ಸುಮಾರು ನಾಲ್ಕು ಕಿಲೋಮೀಟರ್ ಒಳಗೆ ಒಂದು ಎತ್ತರದ ದಿಬ್ಬದ ಮೇಲೆ ಅವರನ್ನು ಕಂಡರು. ಎಲ್ಲರೂ ಬದುಕಿದ್ದರು.

ಹುಡುಕುವುದಕ್ಕಿಂತ ತರುವುದು ಕಷ್ಟವಾಗಿತ್ತು. ನೀರನ್ನು ಹೊರಗೆ ಚೆಲ್ಲುವ ಕೆಲಸ ಹಗಲಿರುಳೂ ನಡೆಯಿತು. ಪಂಪುಗಳ ವಿಷಯದಲ್ಲಿ ಸಲಹೆ ಕೊಡಲು ಭಾರತದಿಂದ ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆಯ ತಜ್ಞರು ಹೋಗಿದ್ದರು. ಬೆಳಗಾವಿಯಲ್ಲಿ 1888ರಲ್ಲಿ ಒಂದು ಸೈಕಲ್ ಅಂಗಡಿಯಾಗಿ ಆರಂಭವಾದ ಮನೆತನದ ಉದ್ಯಮವದು. ನೀರಿನ ಮಟ್ಟ ಒಂದು ಅಡಿ ಇಳಿದರೂ ಕೆಲವೆಡೆ ಚಾವಣಿಯ ಕೆಳಗೆ ಉಸಿರಾಡುವಷ್ಟು ಸಂದು ತೆರೆಯುತ್ತದೆ. ಮುಳುಗಿ ಹೋಗಬೇಕಾದ ಓಣಿ ನಡೆದು ಹೋಗುವ ಓಣಿಯಾಗುತ್ತದೆ. ಜುಲೈ 6ರಂದು ಸಿಲಿಂಡರುಗಳನ್ನು ದಾರಿಯಲ್ಲಿರಿಸಿ ಹಿಂದಿರುಗುತ್ತಿದ್ದ ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಕುನಾನ್ ಪ್ರಾಣಬಿಟ್ಟರು. ಅತ್ತ ದಿಬ್ಬದ ಮೇಲೆ ಹದಿಮೂರು ಮಂದಿಯ ಉಸಿರಿನಿಂದ ಗಾಳಿಯಲ್ಲಿನ ಆಮ್ಲಜನಕ ನೂರಕ್ಕೆ 21ರಿಂದ ಸುಮಾರು 15ಕ್ಕೆ ಇಳಿದಿತ್ತು. ಮುಂದಿನ ಮಳೆಗೆ ಕಾಯುವಂತಿರಲಿಲ್ಲ. ಮಕ್ಕಳಿಗೆ ಕತ್ತಲೆಯ ನೀರಿನಲ್ಲಿ ಮುಳುಗುವುದನ್ನು ಕಲಿಸುವುದೆಂತು? ಒಬ್ಬ ಹುಡುಗ ಗಾಬರಿಯಿಂದ ಕೈಕಾಲು ಬಡಿದರೆ ತಾನೂ ಸಾಯುತ್ತಾನೆ, ಒಯ್ಯುವವನನ್ನೂ ಕೊಲ್ಲುತ್ತಾನೆ. ಗವಿಯಲ್ಲಿ ಮುಳುಗುವುದನ್ನೂ ಬಲ್ಲ ಆಸ್ಟ್ರೇಲಿಯದ ಅರಿವಳಿಕೆಯ ವೈದ್ಯ ರಿಚರ್ಡ್ ಹ್ಯಾರಿಸ್ ಮಕ್ಕಳಿಗೆ ಮದ್ದು ಚುಚ್ಚಿ ನಿದ್ರೆ ಬರಿಸಿದರು. ಮುಖವನ್ನೆಲ್ಲ ಮುಚ್ಚುವ ಮುಸುಕನ್ನು ಬಿಗಿದು, ಕೈಗಳನ್ನು ಕಟ್ಟಿ, ಒಬ್ಬೊಬ್ಬರನ್ನೂ ಮೂಟೆಯಂತೆ ಹೊರತಂದರು. ಜುಲೈ 8ರಿಂದ 10ರವರೆಗಿನ ಮೂರು ದಿನಗಳಲ್ಲಿ ಹದಿಮೂರು ಮಂದಿಯೂ ಬೆಳಕಿಗೆ ಬಂದರು. ಎಚ್ಚರವಿಲ್ಲದವನು ಹೆದರುವುದಿಲ್ಲವೆಂಬುದೇ ಇಡೀ ಉಪಾಯದ ತಿರುಳು. ಆದರೆ ಆ ವೈದ್ಯರಿಗೆ ಅದು ಸುಲಭದ ನಿರ್ಧಾರವಾಗಿರಲಾರದು.

ಇಂಥ ಅಪಾಯವಿಲ್ಲದೆ ನೀರು ತುಂಬಿದ ಗವಿಯ ಅನುಭವ ಬೇಕೆನ್ನುವವರಿಗೆ ನಮ್ಮ ನಾಡಿನಲ್ಲಿಯೇ ಒಂದು ಸ್ಥಳವಿದೆ. ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ, ಎದೆಮಟ್ಟದ ನೀರಿನಲ್ಲಿ ನಡೆದುಹೋಗಬೇಕು. ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೋಗುವ ಭಕ್ತರನ್ನು ಅಲ್ಲಿ ಕಾಣಬಹುದು. ಚಾವಣಿಯಲ್ಲಿ ಬಾವಲಿಗಳು ಜೋತಿರುತ್ತವೆ. ಬೀದರಿನ ನೆಲ ಸುಣ್ಣಕಲ್ಲಲ್ಲ, ಜಂಬಿಟ್ಟಿಗೆ. ರಂಧ್ರಮಯವಾದ ಆ ಕಲ್ಲು ಮಳೆನೀರನ್ನು ಹೀರುತ್ತದೆ. ಅಡಿಯಲ್ಲಿರುವ ಗಟ್ಟಿ ಕರಿಶಿಲೆ ಅದನ್ನು ತಡೆಯುತ್ತದೆ. ಎರಡರ ನಡುವೆ ತೋಡಿದ ಓಣಿಗೆ ನೀರು ತಾನಾಗಿ ಒಸರುತ್ತದೆ. ಇದನ್ನರಿತೇ ಬಹಮನಿ ಸುಲ್ತಾನರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಸಮೀಪದ ನೌಬಾದಿನಲ್ಲಿ ಪಾರಸಿಕ ಪದ್ಧತಿಯ ಸುರಂಗ ಬಾವಿಯನ್ನು ತೋಡಿದರು. ನೇರವಾದ ಬಾವಿಗಳ ಸಾಲು, ಅವುಗಳ ತಳವನ್ನು ಕೂಡಿಸುವ ಇಳಿಜಾರಿನ ಕಾಲುವೆ. ನೀರೆತ್ತುವ ಗೋಜಿಲ್ಲ. ಕಾಸರಗೋಡಿನ ತೋಟಗಳಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳೂ ಇದೇ ತತ್ತ್ವದವು. ಕಥೆಯಲ್ಲಿ ನೀರು ತುಂಬಿದ ಸುರಂಗವನ್ನು ಕೇಳಿದ ಪಾವಗಡದವನಿಗೆ, ಅದನ್ನು ನಿಜವಾಗಿ ತೋಡಿದ ಜನರು ತನ್ನ ಭಾಷೆಯ ನಾಡಿನ ಎರಡು ತುದಿಗಳಲ್ಲಿ ಇದ್ದರೆಂಬುದು ತಿಳಿದರೆ ಸಂತೋಷವಾದೀತು.

ಝರಣಿಯಲ್ಲಿ ನೀರಿನ ಮೇಲೆ ಗಾಳಿಯಿದೆ, ಅದರಿಂದಲೇ ಅದು ಯಾತ್ರಾಸ್ಥಳ. ಆದರೆ ನೆಲದಡಿಯ ಗಾಳಿ ಎಂದರೆ ಹೊರಗಿನ ಗಾಳಿಯೇ ಆಗಬೇಕೆಂದಿಲ್ಲ. ಪಾವಗಡದ ಸೀಮೆಯವರಿಗೆ ಗವಿಗಿಂತ ಹತ್ತಿರದ ವಿಷಯ ಇದು. ಏಕೆಂದರೆ ಇಲ್ಲಿ ನೆಲದಡಿಗೆ ಇಳಿಯುವವರು ಬಾವಿಗೆ ಇಳಿಯುವವರು. ಕೊಳವೆಬಾವಿಗಳು ಬಂದ ಮೇಲೆ ತೆರೆದ ಬಾವಿಗಳು ಬಹಳಷ್ಟು ಬತ್ತಿ ಹಾಳುಬಿದ್ದಿವೆ. ತಳದಲ್ಲಿ ಕಸಕಡ್ಡಿ ಕೊಳೆತು ಆಮ್ಲಜನಕ ವ್ಯಯವಾಗುತ್ತದೆ. ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರವಾದುದರಿಂದ ಅಲ್ಲಿಯೇ ಮಡುಗಟ್ಟುತ್ತದೆ. ಬಿದ್ದ ಮೇಕೆಮರಿಯನ್ನು ತರಲು ಇಳಿದವನು ಕುಸಿಯುತ್ತಾನೆ. ಅವನನ್ನು ತರಲು ಇಳಿದ ತಮ್ಮನೂ ಕುಸಿಯುತ್ತಾನೆ. ಹಿರಿಯರು ಮೊದಲು ಒಂದು ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಆಮ್ಲಜನಕ ನೂರಕ್ಕೆ ಸುಮಾರು 16ಕ್ಕೆ ಇಳಿದಾಗ ಬತ್ತಿಯ ದೀಪ ಆರುತ್ತದೆ. ಥಾಮ್ ಲುವಾಂಗಿನ ಹುಡುಗರು ಕೊನೆಯ ದಿನಗಳಲ್ಲಿ ಉಸಿರಾಡಿದ್ದು ದೀಪ ಉರಿಯದಂಥ ಗಾಳಿಯನ್ನು. ಮನುಷ್ಯನ ಪ್ರಜ್ಞೆ ತಪ್ಪಲು ಆಮ್ಲಜನಕ ಇನ್ನೂ ಕೆಳಗೆ, ಸುಮಾರು 10ರ ಸಮೀಪಕ್ಕೆ, ಇಳಿಯಬೇಕು. ಆದುದರಿಂದ ದೀಪದ ಪರೀಕ್ಷೆ ಒಳ್ಳೆಯ ಪರೀಕ್ಷೆಯೇ: ಮನುಷ್ಯನಿಗಿಂತ ಮೊದಲು ದೀಪ ಸಾಯುತ್ತದೆ.

ಆದರೆ ಕೆಲವು ಸಂದರ್ಭಗಳಲ್ಲಿ ಅದು ಮೋಸ ಮಾಡುತ್ತದೆ. ಬಾವಿಯೊಳಗಿನ ಕಟ್ಟೆಯ ಮೇಲೆ ಎಣ್ಣೆಯ ಎಂಜಿನ್ನಿಟ್ಟು ನೀರೆತ್ತಿದರೆ ಹೊಗೆ ಬಾವಿಯಲ್ಲಿಯೇ ಉಳಿಯುತ್ತದೆ. ವೋಕ್ಲೂಸ್‌ನಲ್ಲಿ ಕೂಸ್ಟೊವಿನ ಪ್ರಾಣ ತೆಗೆಯಹೊರಟಿದ್ದ ಇಂಗಾಲದ ಮಾನಾಕ್ಸೈಡು ಅದರಲ್ಲಿರುತ್ತದೆ. ನೂರಕ್ಕೆ ಅರ್ಧ ಭಾಗಕ್ಕಿಂತ ಕಡಮೆಯಿದ್ದರೂ ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿಕೊಂಡು ಮನುಷ್ಯನನ್ನು ಕೊಲ್ಲಬಲ್ಲುದು. ಇಷ್ಟು ಸ್ವಲ್ಪ ವಿಷದಿಂದ ಗಾಳಿಯ ಆಮ್ಲಜನಕ ಅಷ್ಟೇನೂ ಕಡಮೆಯಾಗಿರುವುದಿಲ್ಲ. ಹಗ್ಗದ ತುದಿಯ ದೀಪ ಉರಿಯುತ್ತಲೇ ಇರುತ್ತದೆ.